ಮಾತ್ರೆ ನಿಲ್ಲಿಸಿದರೆ ಪ್ರೀತಿಯೂ ನಿಲ್ಲುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ನಮ್ಮದು ರಾಯಚೂರು ಕಡೆಯ ಮನೆತನ. ತಾತನ ಕಾಲದಿಂದ ಹೈದರಾಬಾದಿನ ಕಾಚಿಗುಡದಲ್ಲಿದ್ದೇವೆ. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನ ಕೆಲಸ. ಅಂಡಾಶಯದ ಪಿಸಿಒಡಿ ತೊಂದರೆಗೆಂದು ಡಾಕ್ಟರು ಎರಡು ವರ್ಷದಿಂದ ಹಾರ್ಮೋನ್ ಮಾತ್ರೆ ಕೊಡುತ್ತಿದ್ದಾರೆ. ಈ ನಡುವೆ ಆಫೀಸಿನ ತೆಲುಗು ಹುಡುಗನೊಬ್ಬನ ಪರಿಚಯವಾಗಿ, ಮದುವೆಯ ಮಾತಿನವರೆಗೂ ಬಂದಿದ್ದೇವೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಅವ್ವನಿಗೆ ನನ್ನನ್ನು ಅವಳ ಅಣ್ಣನ ಮಗನಿಗೇ ಕೊಡುವ ಆಸೆ. ಅವನು ಚಿಕ್ಕಂದಿನಿಂದ ನಮ್ಮನೆಯಲ್ಲೇ ಇದ್ದು ಓದಿದವನು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದಿದ್ದೇವೆ. ಒಳ್ಳೆಯವನೇ. ಆದರೆ ಗಂಡ ಎಂದು ನೆನೆಸಿಕೊಂಡರೆ ಮೈ ಮುದುಡುತ್ತದೆ.

ಮೊನ್ನೆ ಗೆಳತಿ ಒಂದು ರೀಲ್ಸ್ ಕಳಿಸಿದಳು. ಮಾತ್ರೆ ತಿನ್ನುವ ಹೆಣ್ಣು ತಪ್ಪು ಗಂಡನ್ನು ಆರಿಸುತ್ತಾಳಂತೆ, ಬಿಟ್ಟ ಮೇಲೆ ಅವನ ಮೈವಾಸನೆಯೂ ಹಿಡಿಸುವುದಿಲ್ಲವಂತೆ. ಅಂದಿನಿಂದ ನಿದ್ದೆಯಿಲ್ಲ. ನನಗಿರುವುದು ಪ್ರೀತಿಯೋ, ಮಾತ್ರೆಯ ಪ್ರಭಾವವೋ? ಎರಡು ತಿಂಗಳು ಮಾತ್ರೆ ಬಿಟ್ಟು ನೋಡಲೇ?

— ಹೆಸರು ಬೇಡ, ಹೈದರಾಬಾದ್

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಪ್ರೀತಿಯನ್ನು ಪರೀಕ್ಷಿಸಲೆಂದು ಮಾತ್ರೆ ಬಿಡಬೇಡಿ. ಅದನ್ನು ಕೊಟ್ಟಿರುವುದು ಮುಟ್ಟು ಕ್ರಮವಾಗಿ ಬರಲೆಂದು, ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯದಿರಲೆಂದು. ನೀವಾಗಿಯೇ ನಿಲ್ಲಿಸಿದರೆ ಮುಟ್ಟು ಮತ್ತೆ ಏರುಪೇರಾಗಬಹುದು, ಅದರ ಜೊತೆಗೆ ಸಿಡುಕು, ಸುಸ್ತು. ಆ ಕಿರಿಕಿರಿಯನ್ನೆಲ್ಲ ನೀವು ಪಾಪ ಆ ಹುಡುಗನ ಲೆಕ್ಕಕ್ಕೆ ಬರೆಯುತ್ತೀರಿ. ಇಂಥ ಮಾತ್ರೆಯಿಂದ ಕೆಲವರಿಗೆ ಮನಸ್ಸು ಕುಗ್ಗುವುದು, ಕಾಮಾಸಕ್ತಿ ತಗ್ಗುವುದು ಉಂಟು. ನಿಮಗೂ ಹಾಗನ್ನಿಸಿದ್ದರೆ ಡಾಕ್ಟರಿಗೆ ಹೇಳಿ. ಬೇರೆ ಮಾತ್ರೆ, ಬೇರೆ ದಾರಿಗಳಿವೆ.

ಇನ್ನು ಆ ರೀಲ್ಸ್. ಅದು ಪೂರ್ತಿ ಕಟ್ಟುಕತೆಯಲ್ಲ, ಅರ್ಧಕ್ಕೇ ನಿಲ್ಲಿಸಿದ ಕತೆ. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಕ್ಲೌಸ್ ವೆಡೆಕಿಂಡ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಯೋಗ ಅದರ ಮೂಲ. 44 ಹುಡುಗರು ಎರಡು ರಾತ್ರಿ ಒಂದೇ ಹತ್ತಿ ಟೀಶರ್ಟ್ ತೊಟ್ಟು ಮಲಗಿದರು. ಸೆಂಟು, ಪರಿಮಳದ ಸೋಪು ಯಾವುದೂ ಇಲ್ಲ. ಆ ಅಂಗಿಗಳನ್ನು ಪೆಟ್ಟಿಗೆಯಲ್ಲಿಟ್ಟು, 49 ಹುಡುಗಿಯರಿಗೆ ಮೂಸಿ ನೋಡಲು ಕೊಟ್ಟರು. ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟ ಎಂಎಚ್‌ಸಿ ಎಂಬ ಜೀನ್‌ಗಳು ತಮಗಿಂತ ಬೇರೆಯಾಗಿದ್ದವರ ವಾಸನೆಯೇ ಹುಡುಗಿಯರಿಗೆ ಹಿತವೆನಿಸಿತು. ಗರ್ಭನಿರೋಧಕ ಮಾತ್ರೆ (ಪಿಸಿಒಡಿಗೆ ಕೊಡುವುದೂ ಸಾಮಾನ್ಯವಾಗಿ ಇದೇ ಬಗೆಯದು) ತೆಗೆದುಕೊಳ್ಳುತ್ತಿದ್ದವರಲ್ಲಿ ಮಾತ್ರ ಇದು ಉಲ್ಟಾ ಆಯಿತು. ತಂದೆತಾಯಿಯ ಜೀನ್‌ಗಳು ಬೇರೆಬೇರೆಯಾದಷ್ಟೂ ಮಗುವಿಗೆ ರೋಗ ಎದುರಿಸುವ ಬಲ ಹೆಚ್ಚು, ಆದ್ದರಿಂದ ವಿಕಾಸದ ಹಾದಿಯಲ್ಲಿ ಮೂಗಿಗೆ ಈ ಆಯ್ಕೆ ಬಂದಿರಬೇಕು ಎಂಬುದು ವಿಕಾಸವಾದಿ ಮನೋವಿಜ್ಞಾನಿಗಳ ತರ್ಕ.

ರೀಲ್ಸ್ ಇಲ್ಲಿಗೇ ಮುಗಿಯುತ್ತದೆ, ಸಂಶೋಧನೆ ಮುಗಿಯಲಿಲ್ಲ. ಇಂಥ ವಾಸನೆಯ ಪ್ರಯೋಗಗಳನ್ನು ಮುಂದೆ ಒಟ್ಟುಗೂಡಿಸಿ ತೂಗಿ ನೋಡಿದಾಗ ಅಂಥ ಸ್ಪಷ್ಟ ಒಲವು ಕಾಣಲಿಲ್ಲ. ಹಾರ್ಮೋನು ಏರಿಳಿದಂತೆ ಹೆಂಗಸರಿಗೆ ಹಿಡಿಸುವ ಗಂಡಿನ ಮುಖವೂ ಬದಲಾಗುತ್ತದೆ ಎಂಬ ಇನ್ನೊಂದು ಮಾತಿತ್ತು. ಗ್ಲಾಸ್ಗೋದ ಬೆನೆಡಿಕ್ಟ್ ಜೋನ್ಸ್ ತಂಡ 584 ಹೆಂಗಸರ ಎಂಜಲಿನಲ್ಲಿ ಹಾರ್ಮೋನು ಅಳೆದು ಅದನ್ನೂ ಪರೀಕ್ಷಿಸಿತು. 2018ರಲ್ಲಿ ಹೊರಬಂದ ಫಲಿತಾಂಶದಲ್ಲಿ ಹಾರ್ಮೋನಿಗೂ ಮುಖದ ಆಯ್ಕೆಗೂ ಸಂಬಂಧ ಕಾಣಲಿಲ್ಲ, ಮಾತ್ರೆಯಿಂದಲೂ ವ್ಯತ್ಯಾಸ ಕಾಣಲಿಲ್ಲ. ಇನ್ನು ನಿಮಗೆ ನೇರವಾಗಿ ಸಂಬಂಧಿಸಿದ್ದು: ಮನೋವಿಜ್ಞಾನಿ ಕ್ರೇಗ್ ರಾಬರ್ಟ್ಸ್ ತಂಡ ಎರಡೂವರೆ ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಕೇಳಿ ನೋಡಿತು. ಮಾತ್ರೆಯಲ್ಲಿದ್ದಾಗ ಸಂಗಾತಿಯನ್ನು ಆರಿಸಿಕೊಂಡವರಿಗೆ ಹಾಸಿಗೆಯ ಸುಖದಲ್ಲಿ ತೃಪ್ತಿ ತುಸು ಕಡಿಮೆಯಿತ್ತು, ನಿಜ. ಆದರೆ ಉಳಿದ ವಿಷಯಗಳಲ್ಲಿ ಅವರಿಗೆ ಸಂಗಾತಿಯ ಬಗ್ಗೆ ಹೆಚ್ಚು ಸಮಾಧಾನವಿತ್ತು, ಅವರ ಸಂಬಂಧಗಳು ಮುರಿದುಬಿದ್ದದ್ದೂ ಕಡಿಮೆ. ನಿಮ್ಮ ಗೆಳತಿಯ ರೀಲ್ಸಿನಲ್ಲಿ ಇದು ಇರಲಿಕ್ಕಿಲ್ಲ.

ಇವೆಲ್ಲ ಗುಂಪಿನ ಸರಾಸರಿಯ ಮಾತುಗಳು. ಹೈದರಾಬಾದಿನ ಗಂಡಸರ ಸರಾಸರಿ ಎತ್ತರ ಗೊತ್ತಿದ್ದ ಮಾತ್ರಕ್ಕೆ ನಿಮ್ಮ ಹುಡುಗನಿಗೆ ಅಂಗಿ ಹೊಲಿಸಲಾದೀತೇ? ಈ ಅಧ್ಯಯನಗಳಿಂದ ನಿಮ್ಮ ಮನಸ್ಸನ್ನು ಓದುವುದೂ ಅಷ್ಟೇ. ಹಾರ್ಮೋನು ಎಲ್ಲರ ಆಕರ್ಷಣೆಯಲ್ಲೂ ಸೇರಿರುತ್ತದೆ, ಮಾತ್ರೆ ತಿನ್ನದವರಲ್ಲೂ. ಅದು ಇದೆ ಎಂದ ಮಾತ್ರಕ್ಕೆ ಪ್ರೀತಿ ಸುಳ್ಳಾಗುವುದಿಲ್ಲ.

ಮಾವನ ಮಗನ ವಿಷಯಕ್ಕೆ ಬರೋಣ. ಮೈ ಮುದುಡುತ್ತದೆ ಎಂದು ಬರೆದಿದ್ದೀರಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಳವೆಯಲ್ಲಿ ಒಂದೇ ಸೂರಿನಡಿ ಬೆಳೆದವರಲ್ಲಿ ದೊಡ್ಡವರಾದ ಮೇಲೆ ಪರಸ್ಪರ ಕಾಮದ ಆಸೆ ಹುಟ್ಟುವುದು ಕಷ್ಟ ಎಂದು ಫಿನ್ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಬರೆದಿದ್ದ. ತೈವಾನಿನಲ್ಲಿ ಹಿಂದೆ ಹೆಣ್ಣುಕೂಸನ್ನು ತಂದು ಸಾಕಿ, ಬೆಳೆದ ಮೇಲೆ ಮನೆಮಗನಿಗೇ ಮದುವೆ ಮಾಡುವ ಪದ್ಧತಿಯಿತ್ತು. ಮಾನವಶಾಸ್ತ್ರಜ್ಞ ಆರ್ಥರ್ ವುಲ್ಫ್ ಅಲ್ಲಿನ ದಾಖಲೆ ತೆಗೆದು ನೋಡಿದಾಗ, ಅಂಥ ಜೋಡಿಗಳಲ್ಲಿ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು. ಬೇಸಿಗೆ ರಜೆಗೆ ಮಾತ್ರ ಭೇಟಿಯಾಗುತ್ತಿದ್ದ ಅತ್ತೆಮಾವನ ಮಕ್ಕಳು ಮದುವೆಯಾಗಿ ಸುಖವಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ. ನಿಮ್ಮ ಮಾತು ಬೇರೆ, ನೀವು ಅಣ್ಣತಂಗಿಯರಂತೆ ಬೆಳೆದವರು.

ಜೀನಿನ ಲೆಕ್ಕವೂ ಒಂದಿದೆ. ಕರ್ನಾಟಕದಲ್ಲಿ ವಿವಾಹಿತೆಯರ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಸಂಬಂಧದಲ್ಲೇ ಮದುವೆಯಾದವರು ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಹಾಗಾಗಿ ಅವ್ವ ಕೇಳುವುದು ಎಲ್ಲೂ ಇಲ್ಲದ್ದನ್ನೇನಲ್ಲ. ಯಾವುದೇ ದಂಪತಿಯ ಮಗುವಿಗೆ ಗಂಭೀರ ಜನ್ಮದೋಷ ಬರುವ ಸಂಭವ ಶೇ 2ರಿಂದ 3. ಸೋದರಮಾವನ ಮಗನನ್ನು ಮದುವೆಯಾದರೆ ಅದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ತಲೆಮಾರುಗಳಿಂದ ಒಳಗೊಳಗೇ ಕೊಟ್ಟು ತಂದ ಮನೆಗಳಲ್ಲಿ ಇನ್ನೂ ಜಾಸ್ತಿ. ನಿಮ್ಮೂರಿನ ಹಬ್ಸಿಗುಡದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹತ್ತಿರದ ನೆಂಟಸ್ತನ ಇಲ್ಲದಿದ್ದರೂ, ಶತಮಾನಗಳಿಂದ ಜಾತಿಯೊಳಗೇ ಮದುವೆಯಾಗುತ್ತ ಬಂದ ನಮ್ಮ ಅನೇಕ ಸಮುದಾಯಗಳಲ್ಲಿ ಅಪರೂಪದ ಆನುವಂಶಿಕ ರೋಗಗಳ ಅಪಾಯ ಕೂಡಿಕೊಂಡಿದೆ ಎಂದು ಅದು ತೋರಿಸಿತು.

ಇದನ್ನು ಓದಿ, ನೋಡಿದೆಯಾ, ವಿಜ್ಞಾನ ನನ್ನ ಕಡೆಗಿದೆ ಎಂದು ಅವ್ವನ ಮೇಲೆ ಏರಿ ಹೋಗಬೇಡಿ. ಜೀನ್ ಬೇರೆಯಾಗಿದೆ ಎಂಬ ಕಾರಣಕ್ಕೆ ಯಾರನ್ನೂ ಮದುವೆಯಾಗುವುದಿಲ್ಲ. ಅಗತ್ಯ ಬಿದ್ದರೆ ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ಮೆಡಿಕಲ್ ಜೆನೆಟಿಕ್ಸ್ ವಿಭಾಗದಲ್ಲಿ ವಿಚಾರಿಸಬಹುದು. ಅದು ಮದುವೆ ತಪ್ಪಿಸಲಿಕ್ಕಲ್ಲ, ಹುಟ್ಟುವ ಮಕ್ಕಳ ಆರೋಗ್ಯಕ್ಕೆ.

ಹಾಗಾದರೆ ಆಫೀಸಿನ ಹುಡುಗನನ್ನು ಅಳೆಯುವುದು ಹೇಗೆ? ಮನೋವಿಜ್ಞಾನಿ ಡೇವಿಡ್ ಬಸ್ 1989ರಲ್ಲಿ ಪ್ರಕಟಿಸಿದ, ಭಾರತವೂ ಸೇರಿ 37 ಸಂಸ್ಕೃತಿಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯಲ್ಲಿ, ಗಂಡಸರೂ ಹೆಂಗಸರೂ ಸಂಗಾತಿಯಲ್ಲಿ ಬಹಳವಾಗಿ ಬಯಸಿದ್ದು ಕರುಣೆ, ಬುದ್ಧಿವಂತಿಕೆ, ಪರಸ್ಪರ ಪ್ರೀತಿ. ಇವನ್ನು ಮೂಸಿ ನೋಡಬೇಕಿಲ್ಲ, ಕಣ್ಣಿಗೇ ಕಾಣುತ್ತವೆ. ರಿಲೀಸ್ ಕೆಟ್ಟು ಮೇಲಿನವರು ಬೈದ ದಿನ ಅವನು ನಿಮ್ಮ ಹತ್ತಿರ ಹೇಗೆ ಮಾತಾಡುತ್ತಾನೆ? ನೀವು ಬೇಡ ಎಂದದ್ದನ್ನು ಒಪ್ಪಿಕೊಳ್ಳುತ್ತಾನೋ, ಮುಖ ಗಂಟಿಕ್ಕುತ್ತಾನೋ? ಪಿಸಿಒಡಿ ಇರುವುದು, ಮಕ್ಕಳಾಗುವುದು ಸ್ವಲ್ಪ ತಡವಾಗಬಹುದು ಎಂಬುದು ಅವನಿಗೆ ಗೊತ್ತೇ? ನಿಮ್ಮ ಸಂಬಳ ಯಾರ ಕೈಯಲ್ಲಿ, ವಯಸ್ಸಾದ ಅಪ್ಪ–ಅವ್ವನನ್ನು ನೋಡಿಕೊಳ್ಳುವುದು ಯಾರು, ಮನೆಯಲ್ಲಿ ಯಾವ ಭಾಷೆ? ಇವನ್ನೆಲ್ಲ ಬಾಯಿಬಿಟ್ಟು ಮಾತಾಡಿಕೊಂಡಿದ್ದೀರಾ? ಇಲ್ಲದಿದ್ದರೆ ಮನೆಗೆ ಹೇಳುವ ಮೊದಲು ಅದನ್ನು ಮಾಡಿ.

ಆಮೇಲೆ ಅವ್ವನ ಹತ್ತಿರ ಎರಡು ಮಾತನ್ನು ಬೇರೆಬೇರೆಯಾಗಿ ಆಡಿ. ಮೊದಲನೆಯದು, ಮಾವನ ಮಗ ಬೇಡ. ಅದಕ್ಕೆ ಆಫೀಸಿನ ಹುಡುಗ ಕಾರಣವಲ್ಲ, ಅವನು ಇಲ್ಲದಿದ್ದರೂ ಉತ್ತರ ಇದೇ ಆಗಿರುತ್ತಿತ್ತು ಎಂಬುದು ಅವ್ವನಿಗೆ ತಿಳಿಯಬೇಕು. ಇಲ್ಲವಾದರೆ ತಮ್ಮ ಮನೆಯ ಹುಡುಗನನ್ನು ಹೊರಗಿನವನಿಗಾಗಿ ತಳ್ಳಿಹಾಕಿದಳು ಎಂದು ಮಾವನ ಮನೆಯವರ ಎದುರು ಅವ್ವ ತಲೆತಗ್ಗಿಸಬೇಕಾಗುತ್ತದೆ. ಮಾವನ ಮಗನಿಗೂ ನೀವೇ ಹೇಳಿ. ಅವನ ಮನಸ್ಸಿನಲ್ಲೂ ಇದೇ ಇರಬಹುದು, ಆಗ ನಿಮ್ಮ ಕೆಲಸ ಅರ್ಧ ಹಗುರ. ಎರಡನೆಯ ಮಾತಿಗೆ, ಅಂದರೆ ಆಫೀಸಿನ ಹುಡುಗನ ವಿಷಯಕ್ಕೆ, ಕೆಲವು ವಾರ ಬಿಡುವು ಕೊಡಿ. ನಡುವೆ ಅವ್ವನೇ “ಯಾರಾದರೂ ಇದ್ದಾರೇನೇ?” ಎಂದು ಕೇಳಿದರೆ ಮಾತ್ರ ಸುಳ್ಳು ಹೇಳಬೇಡಿ.