ಹಳೆಯ ವಾಹನಗಳ ಅಪರೂಪದ ಬಿಡಿಭಾಗಗಳು: ಖರೀದಿ, ದಾಖಲೆ ಮತ್ತು ವೆಚ್ಚದ ಲೆಕ್ಕ

ನಮ್ಮ ಜಿಲ್ಲೆಯ ಮಲೆನಾಡು ಭಾಗದಲ್ಲಿ, ವಿಶೇಷವಾಗಿ ಸಕಲೇಶಪುರ, ಬೇಲೂರು ಮತ್ತು ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ, ಹಳೆಯ ಜೀಪು ಇಂದಿಗೂ ದುಡಿಯುವ ವಾಹನವೇ ಆಗಿದೆ. ಇದರೊಡನೆ ತಂದೆಯ ಕಾಲದ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸಬೇಕೆನ್ನುವವರು, ಜೀಪಿಗೆ ತಮ್ಮಿಷ್ಟದ ರೂಪ ಕೊಡಿಸಬೇಕೆನ್ನುವ ಯುವಕರು ಹಾಸನದ ಬಿ.ಎಂ. ರಸ್ತೆಯ ಗ್ಯಾರೇಜುಗಳಿಗೂ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಲೇತ್ ಮತ್ತು ಬಾಡಿ ಕೆಲಸದ ಅಂಗಡಿಗಳಿಗೂ ಬರುತ್ತಾರೆ. ಕೆಲಸಗಾರಿಕೆಗೆ ಇಲ್ಲಿ ಕೊರತೆಯಿಲ್ಲ. ತೊಡಕಿರುವುದು ಬಿಡಿಭಾಗಗಳಲ್ಲಿ. ಅದರಲ್ಲಿಯೂ ಬಿಡಿಭಾಗದ ಬೆಲೆಗಿಂತ ಅದು ಸಿಗಲು ಹಿಡಿಯುವ ಕಾಲ ಮತ್ತು ಅದರೊಡನೆ ಬರಬೇಕಾದ ಕಾಗದ, ಇವೆರಡೇ ಇಂತಹ ಕೆಲಸದ ಲಾಭವನ್ನು ನುಂಗುತ್ತವೆ ಎಂಬುದು ಈ ಲೇಖಕನ ಅಭಿಪ್ರಾಯ. ಈ ವೃತ್ತಿಯಲ್ಲಿರುವ ಸದಸ್ಯರ ಉಪಯೋಗಕ್ಕಾಗಿ ಆ ಲೆಕ್ಕವನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಿ ಹುಡುಕಬೇಕು

ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಅಂಬಾಸಿಡರ್ ಕಾರಿನ ತಯಾರಿಕೆಯನ್ನು 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಕಾಂಟೆಸ್ಸಾ 2002ರಲ್ಲಿಯೇ ನಿಂತಿತ್ತು. ಪದ್ಮಿನಿ ಅದಕ್ಕೂ ಸ್ವಲ್ಪ ಮುಂಚೆ. ಆದರೂ ಅಂಬಾಸಿಡರ್‌ನ ಓಡುವ ಭಾಗಗಳು ಇಂದಿಗೂ ಸಾಕಷ್ಟು ದೊರೆಯುತ್ತವೆ. ದೊರೆಯದಿರುವುದು ಡೋರ್ ಹ್ಯಾಂಡಲ್, ಗಾಜಿನ ರಬ್ಬರ್ ಬೀಡಿಂಗ್, ದೀಪದ ಚೌಕಟ್ಟು, ಮೀಟರುಗಳು ಮುಂತಾದ ಕಣ್ಣಿಗೆ ಕಾಣುವ ಭಾಗಗಳು. ಎಂಜಿನ್ ತಯಾರಾಗಿ ಕುಳಿತಿದ್ದರೂ ಎರಡು ಬೀಡಿಂಗ್‌ಗಾಗಿ ವಾಹನ ಗ್ಯಾರೇಜಿನಲ್ಲಿಯೇ ಉಳಿಯುವುದು ಸಾಮಾನ್ಯ.

ನಮಗೆ ಹತ್ತಿರದ ಮಾರುಕಟ್ಟೆಗಳೆಂದರೆ ಹೊಸ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯವುಗಳಿಗೆ ಶಿವಾಜಿನಗರದ ಗುಜರಿ ಅಂಗಡಿಗಳು ಮತ್ತು ಚೆನ್ನೈನ ಪುದುಪೇಟೆ. ದೆಹಲಿಯ ಕಾಶ್ಮೀರಿ ಗೇಟ್ ಹೊಸ ಭಾಗಗಳಿಗೂ, ಮಾಯಾಪುರಿ ಹಳೆಯ ಭಾಗಗಳಿಗೂ ಹೆಸರಾದುವು. ಜೀಪಿನ ಮಟ್ಟಿಗೆ ಹರಿಯಾಣದ ಮಂಡಿ ಡಬ್ವಾಲಿಯನ್ನು ಅರಿಯದವರು ಕಡಿಮೆ.

ಇಲ್ಲಿ ಒಂದು ಸರಳ ಉಪಾಯವನ್ನು ಹೇಳಬೇಕು. ಬೇರಿಂಗ್ ಮತ್ತು ಆಯಿಲ್ ಸೀಲುಗಳನ್ನು ವಾಹನದ ಹೆಸರಿನಿಂದ ಕೇಳದೆ ಅವುಗಳ ಮೇಲಿನ ಸಂಖ್ಯೆ ಅಥವಾ ಅಳತೆಯಿಂದ ಕೇಳುವುದು ಒಳಿತು. 6205 ಎಂದು ಕೆತ್ತಿದ ಬೇರಿಂಗ್ ಜಗತ್ತಿನ ಯಾವ ಕಂಪೆನಿಯದಾದರೂ ಒಳವ್ಯಾಸ 25, ಹೊರವ್ಯಾಸ 52, ಅಗಲ 15 ಮಿಲಿಮೀಟರ್ ಇರುತ್ತದೆ. ‘ಹಳೆಯ ಜೀಪಿನದು’ ಎಂದಾಗ ಇಲ್ಲವೆನ್ನುವ ಅಂಗಡಿಯವನು, ಸಂಖ್ಯೆ ಹೇಳಿದರೆ ಪಂಪ್‌ಸೆಟ್ ಭಾಗಗಳ ಕಪಾಟಿನಿಂದ ತೆಗೆದುಕೊಡಬಹುದು. ಅಂತೆಯೇ ವಿಲ್ಲಿಸ್ ವಂಶದ ಜೀಪುಗಳ ಬೋಲ್ಟುಗಳು ಇಂಚಿನ ಅಳತೆಯವು, ಫಿಯೆಟ್ ವಂಶದ ಪದ್ಮಿನಿಯದು ಮೆಟ್ರಿಕ್. ಇದನ್ನು ಗಮನಿಸದೆ ಮರೆಯನ್ನು ಕೆಡಿಸಿದಲ್ಲಿ, ಹತ್ತು ರೂಪಾಯಿಯ ಬೋಲ್ಟು ಹೊಸ ಹೌಸಿಂಗ್‌ನ ಖರ್ಚನ್ನು ತರುತ್ತದೆ.

ಬಿಲ್ಲಿಲ್ಲದ ಭಾಗ

ಹಳೆಯ ಭಾಗಗಳ ವ್ಯಾಪಾರದಲ್ಲಿ ಬಿಲ್ಲು ಕೇಳುವುದನ್ನೇ ಅವಮರ್ಯಾದೆಯೆಂದು ಭಾವಿಸುವವರಿದ್ದಾರೆ. ಆದರೆ ಉತ್ತರ ಪ್ರದೇಶದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯ ಕಥೆಯನ್ನು ನೆನೆಯಬೇಕು. ದೇಶದಾದ್ಯಂತ ಹಳೆಯ ಭಾಗಗಳಿಗೆ ಪ್ರಸಿದ್ಧವಾಗಿದ್ದ ಆ ಮಾರುಕಟ್ಟೆಯನ್ನು, ಕದ್ದ ವಾಹನಗಳನ್ನು ಬಿಚ್ಚಿ ಮಾರುವ ತಾಣವೆಂಬ ಕಾರಣದಿಂದ ಪೊಲೀಸರು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದರು. ಕದ್ದ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ ಅಪರಾಧ. ಸಂಖ್ಯೆ ಉಜ್ಜಿದ ಎಂಜಿನ್ನನ್ನು ಅರ್ಧ ಬೆಲೆಗೆ ಕೊಂಡವನು ‘ನಂಬಲು ಕಾರಣವಿರಲಿಲ್ಲ’ ಎಂದು ವಾದಿಸುವುದು ಕಷ್ಟ.

ಆದುದರಿಂದ ಎಂಜಿನ್, ಗೇರ್ ಬಾಕ್ಸ್ ಮತ್ತು ಚಾಸಿಗಳ ವಿಷಯದಲ್ಲಿ ಮಾರುವವರ ಹೆಸರು, ವಿಳಾಸ, ಗುರುತಿನ ಪತ್ರದ ಪ್ರತಿ, ಭಾಗದ ಸಂಖ್ಯೆ, ಅದು ಯಾವ ವಾಹನದಿಂದ ಬಂದದ್ದು, ಆ ವಾಹನದ ನೋಂದಣಿ ರದ್ದಾದುದಕ್ಕೆ ಪುರಾವೆ, ಇವಿಷ್ಟನ್ನು ಒಂದು ಕಡತದಲ್ಲಿ ಇಡತಕ್ಕದ್ದು. 2021ರ ನಿಯಮಗಳ ಮೇರೆಗೆ ನೋಂದಾಯಿತ ವಾಹನ ಗುಜರಿ ಘಟಕಗಳು ಬಂದಿರುವುದರಿಂದ ಇಂತಹ ಕಾಗದ ಮೊದಲಿಗಿಂತ ಸುಲಭವಾಗಿದೆ. ಬೇಲೂರು ರಸ್ತೆಯ ಬಳಿಯ ನಮ್ಮ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವನ್ನು 12ನೆಯ ಶತಮಾನದಲ್ಲಿ ಕಟ್ಟಿಸಿದವನು ಕುಲ್ಲಹಣ ರಾಹುತನೆಂಬ ವರ್ತಕ. ಅವನ ಮತ್ತು ಪತ್ನಿ ಸಹಜಾದೇವಿಯ ಹೆಸರು ಇಂದಿಗೂ ತಿಳಿದಿರುವುದು ಅಲ್ಲಿನ ಶಾಸನದಿಂದ. ನಮ್ಮ ಸೀಮೆಯ ವರ್ತಕರಿಗೆ ಬರೆದಿಡುವ ಅಭ್ಯಾಸ ಹೊಸದೇನಲ್ಲ!

ನಗದಿನ ಮಾತನ್ನೂ ಇಲ್ಲಿಯೇ ಮುಗಿಸೋಣ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ವ್ಯವಹಾರದ ವೆಚ್ಚವು ಆದಾಯ ತೆರಿಗೆಯ ಲೆಕ್ಕದಲ್ಲಿ ಒಪ್ಪಿತವಾಗುವುದಿಲ್ಲ. ಗುಜರಿಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣ ತೆರಿಗೆಯ ರೂಪದಲ್ಲಿ ಹೊರಗೆ ಹೋಗುತ್ತದೆ.

ಜಿ.ಎಸ್.ಟಿ. ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಮೋಟಾರು ವಾಹನದ ಬಿಡಿಭಾಗಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ರಿಪೇರಿ ಕೂಲಿಯ ದರವೂ ಶೇ. 18 ಆಗಿರುವುದರಿಂದ, ಭಾಗವೆಷ್ಟು, ಕೂಲಿಯೆಷ್ಟು ಎಂಬ ಹಳೆಯ ತಕರಾರು ಬಹುಮಟ್ಟಿಗೆ ಕೊನೆಗೊಂಡಿದೆ. ಆದರೂ ಬಿಲ್ಲಿನಲ್ಲಿ ಎರಡನ್ನೂ ಬೇರೆಬೇರೆ ತೋರಿಸುವುದೇ ಲೇಸು. ಏಕೆಂದರೆ ಸೇವೆಗಾಗಿ ಪಡೆದ ಮುಂಗಡದ ಮೇಲೆ ಪಡೆದಾಗಲೇ ತೆರಿಗೆ ಬರುತ್ತದೆ, ಸರಕಿಗಾಗಿ ಪಡೆದ ಮುಂಗಡದ ಮೇಲೆ ಬರುವುದಿಲ್ಲ. ಆರು ತಿಂಗಳು ಎಳೆಯುವ ಕೆಲಸದಲ್ಲಿ ಇದು ಸಣ್ಣ ವಿಷಯವಲ್ಲ. ಬಿಡಿಭಾಗದ ಮುಂಗಡಕ್ಕೆ ಪ್ರತ್ಯೇಕ ರಸೀದಿ ಕೊಡಬೇಕು.

ಹಳೆಯ ಭಾಗಗಳನ್ನು ಕೊಂಡು ಮಾರುವವರಿಗೆ ಹೆಚ್ಚು ಉಪಯುಕ್ತವಾದುದು ಜಿ.ಎಸ್.ಟಿ. ನಿಯಮ 32ರ 5ನೆಯ ಉಪನಿಯಮ. ಬಳಸಿದ ಸರಕನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾಡಿ ಮಾರುವ, ಹಾಗೂ ಖರೀದಿಯ ಮೇಲೆ ಇನ್‌ಪುಟ್ ತೆರಿಗೆ ಜಮೆ ಪಡೆಯದ ವರ್ತಕರು, ಮಾರಾಟ ಮತ್ತು ಖರೀದಿ ಬೆಲೆಗಳ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಕೊಟ್ಟರೆ ಸಾಕು. 18,000 ರೂಪಾಯಿಗೆ ಕೊಂಡ ಗೇರ್ ಬಾಕ್ಸನ್ನು 25,000ಕ್ಕೆ ಮಾರಿದರೆ ತೆರಿಗೆ 7,000 ರೂಪಾಯಿಯ ಮೇಲೆ, ಎಂದರೆ 1,260 ರೂಪಾಯಿ. ಪೂರ್ಣ ಬೆಲೆಯ ಮೇಲಾದರೆ 4,500. ಈ 3,240 ರೂಪಾಯಿಯ ಅನುಕೂಲ ಖರೀದಿ ಬೆಲೆಗೆ ಪುರಾವೆಯಿದ್ದವರಿಗೆ ಮಾತ್ರ ಲಭ್ಯ ಎಂಬುದನ್ನು ಒತ್ತಿ ಹೇಳಬೇಕಾಗಿಲ್ಲ. ಅದೇ ಗೇರ್ ಬಾಕ್ಸನ್ನು ಬಿಚ್ಚಿ, ಗೇರುಗಳನ್ನೆಲ್ಲ ಬದಲಾಯಿಸಿ ಹೊಸದರಂತೆ ಮಾರಿದಲ್ಲಿ ‘ಅಲ್ಪ ಸಂಸ್ಕರಣೆ’ ಎಂಬ ವಾದ ನಿಲ್ಲುವುದು ಕಷ್ಟ.

ಬಿಲ್ಲಿನ ವಿವರಣೆಯಲ್ಲಿಯೂ ಎಚ್ಚರ ಅಗತ್ಯ. 2024ರ ಅಕ್ಟೋಬರ್ 10ರಿಂದ ನೋಂದಣಿಯಿಲ್ಲದವರಿಂದ ಲೋಹದ ಗುಜರಿಯನ್ನು ಕೊಳ್ಳುವ ನೋಂದಾಯಿತ ವರ್ತಕನೇ ಅದರ ತೆರಿಗೆಯನ್ನು ಕಟ್ಟಬೇಕಾಗಿದೆ. ಬಳಕೆಗೆ ಯೋಗ್ಯವಾದ ಡಿಫರೆನ್ಷಿಯಲ್ ಒಂದನ್ನು ‘ಹಳೆ ಕಬ್ಬಿಣ’ ಎಂದು ಬರೆದುಕೊಂಡರೆ, ಇಲ್ಲದ ಹೊಣೆಯನ್ನು ತಾನಾಗಿ ತಂದುಕೊಂಡಂತೆ.

ವಿದೇಶದಿಂದ ತರಿಸುವ ಹೊಸ ಭಾಗಗಳ ವೆಚ್ಚವನ್ನು ಅಲ್ಲಿನ ಬೆಲೆಪಟ್ಟಿಯಿಂದ ಅಳೆಯಲಾಗದು. ಸಾಗಣೆ ಮತ್ತು ವಿಮೆ ಸೇರಿ 40,000 ರೂಪಾಯಿ ಆಗುವ ಭಾಗಕ್ಕೆ ಮೂಲ ಸುಂಕ ಶೇ. 15 ಎಂದಿಟ್ಟುಕೊಂಡರೆ 6,000, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ 600. ಈ 46,600ರ ಮೇಲೆ ಶೇ. 18ರಂತೆ ಐ.ಜಿ.ಎಸ್.ಟಿ. 8,388. ಒಟ್ಟು 54,988. ಕೊನೆಯ ಮೊತ್ತ ಜಮೆಯಾಗಿ ಮರಳಬೇಕಾದರೆ ಬಿಲ್ ಆಫ್ ಎಂಟ್ರಿ ಗ್ಯಾರೇಜಿನ ಹೆಸರಿನಲ್ಲಿರಬೇಕೇ ಹೊರತು ಗ್ರಾಹಕನ ಹೆಸರಿನಲ್ಲಲ್ಲ. ಬಳಸಿದ ಬಿಡಿಭಾಗಗಳ ಆಮದು ನಿರ್ಬಂಧಿತ ವರ್ಗದಲ್ಲಿದ್ದು, ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು.

ಅನುಮತಿಯ ಪ್ರಶ್ನೆ

ಭಾಗ ಹುಡುಕುವ ಮುಂಚೆಯೇ ಅದನ್ನು ಜೋಡಿಸಲು ಕಾನೂನು ಒಪ್ಪುವುದೇ ಎಂದು ನೋಡತಕ್ಕದ್ದು. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಯಿಂದ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯು ಸೇರಿಸಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಇವೆ. ವರ್ತಕರು ಗಮನಿಸಬೇಕಾದ ಸಂಗತಿಯೆಂದರೆ, ಸುರಕ್ಷತೆಗೆ ಅತ್ಯಗತ್ಯವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಭಾಗವನ್ನು ಗುಣಮಟ್ಟಕ್ಕೆ ಒಳಪಡದಂತೆ ಮಾರಿದಲ್ಲಿ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆ ಮಾರಿದವನಿಗೂ ಉಂಟು.

ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂಡಿಸುವುದು ನಮ್ಮಲ್ಲಿ ರೂಢಿ. ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಮತ್ತು ಆರ್.ಸಿ.ಯಲ್ಲಿ ನಮೂದು ಬೇಕು. ಆಗ ಎಂಜಿನ್ನಿನ ಖರೀದಿ ಬಿಲ್ಲೇ ಆಧಾರ. ಇನ್ನೂ ಒಂದು ಮಾತು. 2021ರ ಜುಲೈನ ನಿಯಮಗಳಂತೆ, 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನಗಳಿಗೆ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷದ ವಿಂಟೇಜ್ ನೋಂದಣಿ ದೊರೆಯುತ್ತದೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿದ್ದರೆ ದೊರೆಯದು. 1970ರ ಜೀಪಿನ ಹರಿಕೇನ್ ಎಂಜಿನ್ನನ್ನು ಗುಜರಿಗೆ ಹಾಕುವ ಮುನ್ನ ಗ್ರಾಹಕರಿಗೆ ಇದನ್ನು ತಿಳಿಸುವುದು ಗ್ಯಾರೇಜಿನವರ ಕರ್ತವ್ಯ.

ವಿಳಂಬದ ಬೆಲೆ

ಈಗ ಒಂದು ಕಲ್ಪಿತ ಲೆಕ್ಕ. ನಾಲ್ಕೂವರೆ ಲಕ್ಷ ರೂಪಾಯಿಗೆ ಒಂದು ಜೀಪಿನ ಪೂರ್ಣ ಕೆಲಸವನ್ನು ಒಪ್ಪಿಕೊಂಡು ಶೇ. 10ರಂತೆ 45,000 ಲಾಭವನ್ನು ನಿರೀಕ್ಷಿಸಲಾಗಿದೆ. ಎರಡು ತಿಂಗಳ ಕೆಲಸವು ಒಂದು ಟ್ರಾನ್ಸ್‌ಫರ್ ಕೇಸಿಗಾಗಿ ಐದು ತಿಂಗಳಾಯಿತೆನ್ನೋಣ. ಹೂಡಿದ ಎರಡು ಲಕ್ಷಕ್ಕೆ ಶೇ. 12ರಂತೆ ಮೂರು ತಿಂಗಳ ಹೆಚ್ಚುವರಿ ಬಡ್ಡಿ 6,000. ವಾಹನ ನಿಂತ ಜಾಗಕ್ಕೆ ತಿಂಗಳಿಗೆ 6,000ದಂತೆ 18,000. ಬೆಂಗಳೂರು, ಚೆನ್ನೈ ಓಡಾಟಕ್ಕೆ 5,000. ಉಳಿದ ಲಾಭ 16,000 ಮಾತ್ರ. ಮಾಲೀಕನು ತನ್ನ ಸ್ವಂತ ದುಡಿಮೆಗೆ ಇದರಲ್ಲಿ ಒಂದು ರೂಪಾಯಿಯನ್ನೂ ಹಾಕಿಲ್ಲ. ಬಹುತೇಕ ಗ್ಯಾರೇಜುಗಳ ಪುಸ್ತಕದಲ್ಲಿ ಟ್ರಾನ್ಸ್‌ಫರ್ ಕೇಸಿನ ಬೆಲೆ ಮಾತ್ರ ಕಾಣುತ್ತದೆ, ಈ 29,000 ಕಾಣುವುದೇ ಇಲ್ಲ.

ಆದ್ದರಿಂದ ಅಂದಾಜುಪಟ್ಟಿಯನ್ನು ಎರಡು ಭಾಗ ಮಾಡುವುದು ಯುಕ್ತ. ಕೂಲಿ ಮತ್ತು ಸುಲಭವಾಗಿ ಸಿಗುವ ಭಾಗಗಳಿಗೆ ನಿಗದಿತ ಮೊತ್ತ. ಅಪರೂಪದ ಭಾಗಗಳಿಗೆ ವಾಸ್ತವ ಖರೀದಿ ಬೆಲೆ ಮತ್ತು ಹುಡುಕಾಟದ ಶುಲ್ಕ. ಅಪರೂಪದ ಭಾಗಗಳೆಲ್ಲ ಕೈಸೇರುವ ತನಕ ವಾಹನವನ್ನು ಬಿಚ್ಚಲೇಬಾರದು. ಬಿಚ್ಚಿದ ಮೇಲೆ ಗ್ರಾಹಕನು ವಾಹನವನ್ನು ಮರಳಿ ಒಯ್ಯಲಾರ, ಗ್ಯಾರೇಜಿನವನು ಜಾಗ ತೆರವು ಮಾಡಿಸಲಾರ.

ಸಣ್ಣ ತಯಾರಕರಿಗೆ ಅವಕಾಶ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿರುವುದಕ್ಕೆ, ಅವುಗಳ ಭಾಗಗಳನ್ನು ಸಣ್ಣ ತಯಾರಕರು ಮಾಡುತ್ತ ಬಂದುದೇ ಮುಖ್ಯ ಕಾರಣ. ಬೀಡಿಂಗ್, ಬುಷ್, ಬ್ರಾಕೆಟ್, ಶೀಟ್ ಮೆಟಲ್ ಭಾಗಗಳನ್ನು ನಮ್ಮ ಜಿಲ್ಲೆಯ ಘಟಕಗಳೂ ಮಾಡಬಲ್ಲವು. ಎರಕದ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿಗಳಿವೆ. ಬ್ರೇಕ್ ಮತ್ತು ಸ್ಟಿಯರಿಂಗ್ ಭಾಗಗಳನ್ನು ಮಾತ್ರ ಮುಟ್ಟದಿರುವುದೇ ಕ್ಷೇಮ.

ಒಂದೇ ಬೀಡಿಂಗ್‌ಗಾಗಿ 20,000 ರೂಪಾಯಿಯ ಡೈ ಮಾಡಿಸಿದರೆ ನಷ್ಟ. ಅದೇ ಡೈಯಿಂದ ನೂರು ಜೊತೆ ತೆಗೆದರೆ ಜೊತೆಯೊಂದಕ್ಕೆ ಬೀಳುವುದು 200. ನಾಲ್ಕಾರು ಗ್ಯಾರೇಜುಗಳು ಕೂಡಿ ಬೇಡಿಕೆ ಕೊಟ್ಟಲ್ಲಿ ಇದು ಸಾಧ್ಯ. ಆಗ ಡೈ ಯಾರ ಸ್ವತ್ತು, ಹೊರಗಿನವರಿಗೆ ಮಾರಬಹುದೇ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು. ಮಾಡಿದ ಭಾಗದ ಮೇಲೆ ಮೂಲ ಕಂಪೆನಿಯ ಮುದ್ರೆಯನ್ನು ಹಾಕುವಂತಿಲ್ಲ. ‘ಇಂತಹ ವಾಹನಕ್ಕೆ ಹೊಂದುತ್ತದೆ’ ಎಂದು ಪ್ರಾಮಾಣಿಕವಾಗಿ ಸೂಚಿಸಲು ವ್ಯಾಪಾರ ಚಿಹ್ನೆಗಳ ಕಾಯ್ದೆ, 1999ರ 30ನೆಯ ಕಲಂ ಅವಕಾಶವಿತ್ತಿದೆ. ಪೊಟ್ಟಣದ ಮೇಲೆ ಆ ಮಾತಿನೊಡನೆ ತಯಾರಕನ ಸ್ವಂತ ಹೆಸರೂ ವಿಳಾಸವೂ ಇರಲಿ.