ರಕ್ತ ತೆಳುವಾಗಿಸುವ ಮಾತ್ರೆ ಇದ್ದಾಗ ನೋವಿನ ಮಾತ್ರೆ ಬೇಡ

ಸ್ಟೆಂಟ್ ಹಾಕಿಸಿಕೊಂಡವರು, ಕವಾಟ ಬದಲಿಸಿಕೊಂಡವರು ಮೈಸೂರಿನ ಜಯದೇವದಿಂದಲೋ ಕೆ.ಆರ್. ಆಸ್ಪತ್ರೆಯಿಂದಲೋ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್, ಅಸಿಟ್ರೋಮ್ ಬರೆಸಿಕೊಂಡು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗೆ ಮರಳುತ್ತಾರೆ. ಇವು ಹೊಟ್ಟೆ, ಕರುಳಿನಲ್ಲಿ ರಕ್ತ ಒಸರಿಸಬಲ್ಲವು. ವೈದ್ಯರು ಅದನ್ನು ತಿಳಿದೇ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಲೆಕ್ಕ ತಪ್ಪಿಸುವುದು ಚೀಟಿಯಿಲ್ಲದೆ ಕೊಳ್ಳುವ ನೋವಿನ ಮಾತ್ರೆ. ಹೊಗೆಸೊಪ್ಪು ಮುರಿದು ಒಣಗಿಸುವ ಬ್ಯಾರನ್‌ಗೆ ಏರಿಸುವ, ಶುಂಠಿ ಕೀಳುವ ದಿನಗಳಲ್ಲಿ ಸೊಂಟ ಹಿಡಿದರೆ ಕೈ ಮೊದಲು ಹೋಗುವುದು ಅದಕ್ಕೇ.

ಮಾಡಬೇಕಾದ ಮೊದಲ ಕೆಲಸ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೆಡಿಕಲ್ ಸ್ಟೋರಿಗೆ ಒಯ್ದು ಒಳಗಿರುವ ಔಷಧದ ಹೆಸರು ಓದಿಸಿಕೊಳ್ಳುವುದು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ನಿಮೆಸುಲೈಡ್ ಇದ್ದರೆ ಪಕ್ಕಕ್ಕಿಡಿ. ಪ್ಯಾರಸಿಟಮಾಲ್ ಎಂದು ಕೊಂಡ ಮಾತ್ರೆಯಲ್ಲೂ ಅಸಿಕ್ಲೋಫೆನಾಕ್ ಸೇರಿರುವುದುಂಟು. ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. 2024ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನವೊಂದು ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುತ್ತಿದ್ದ 50 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿತು. ನೋವಿನ ಮಾತ್ರೆ ಸೇರಿದಾಗ ರಕ್ತಸ್ರಾವದ ಅಪಾಯ ಸುಮಾರು ಎರಡು ಪಟ್ಟಾಗಿತ್ತು, ಡೈಕ್ಲೋಫೆನಾಕ್‌ನಲ್ಲಿ ಮೂರು ಪಟ್ಟಿಗೂ ಹೆಚ್ಚು. ‘ಮಾತ್ರೆ ಬೇಡ, ಸೂಜಿ ಚುಚ್ಚಿ, ಹೊಟ್ಟೆಗೆ ಹೋಗುವುದಿಲ್ಲವಲ್ಲ’ ಎನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಈ ಔಷಧಗಳು ಜಠರದ ಒಳಪೊರೆಯನ್ನು ಕಾಯುವ ರಾಸಾಯನಿಕವನ್ನು ರಕ್ತದ ಮೂಲಕವೇ ಕುಗ್ಗಿಸುತ್ತವೆ, ಸೂಜಿಯಲ್ಲಿ ಕೊಟ್ಟರೂ ಅಷ್ಟೇ. ಚುಚ್ಚಿದ ಜಾಗದಲ್ಲಿ ಮಾಂಸದೊಳಗೆ ರಕ್ತ ಕಟ್ಟುವ ಭಯ ಬೇರೆ. ‘ಗ್ಯಾಸ್ ಮಾತ್ರೆ ನುಂಗುತ್ತೇನಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ: ಪ್ಯಾಂಟೊಪ್ರಜೋಲ್ ಜಠರಕ್ಕೆ ರಕ್ಷಣೆ ಕೊಡುತ್ತದೆ, ಕೆಳಗಿನ ಕರುಳಿಗೆ ಕೊಡುವುದಿಲ್ಲ. ಹಾಗಾದರೆ ನೋವು ಸಹಿಸಬೇಕೇ? ಬೇಡ. ಬರೀ ಪ್ಯಾರಸಿಟಮಾಲ್ ಎಷ್ಟು, ಎಷ್ಟು ದಿನ ಎಂದು ವೈದ್ಯರನ್ನೇ ಕೇಳಿ. ವಾರ್ಫರಿನ್, ಅಸಿಟ್ರೋಮ್ ನುಂಗುವವರಲ್ಲಿ ಅದೂ ದಿನಗಟ್ಟಲೆ ಹೋದರೆ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐ.ಎನ್.ಆರ್. ಅಂಕಿಯನ್ನು ಏರಿಸಬಹುದು.

ಇದನ್ನೋದಿ ಹೆದರಿ ಹೃದಯದ ಮಾತ್ರೆಯನ್ನೇ ಬಿಟ್ಟುಬಿಟ್ಟರೆ ಅದು ಇನ್ನೂ ಕೆಟ್ಟದ್ದು. ಸ್ಟೆಂಟ್, ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ, ಕಾಫಿ ಪುಡಿ ಬಣ್ಣದ ಅಥವಾ ರಕ್ತದ ವಾಂತಿ, ತಲೆಸುತ್ತು, ಸುಸ್ತು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ನೀವೇ ಹಾಗೆಂದು ತೀರ್ಮಾನಿಸಬೇಡಿ. ಮಾತ್ರೆಗಳನ್ನು ಜೊತೆಗೆ ಆಸ್ಪತ್ರೆಗೆ ಒಯ್ಯಿರಿ. ಮುಂದಿನದನ್ನು ನುಂಗಬೇಕೋ ಬೇಡವೋ ಅಲ್ಲಿನ ವೈದ್ಯರೇ ಹೇಳಲಿ.