ಹೊಸದಾಗಿ ಅಧ್ಯಕ್ಷನಾದವನಿಗೆ



ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನೀನು ಅಧ್ಯಕ್ಷನಾದ ವರ್ತಮಾನವನ್ನೂ, ಗಟ್ಟಿಯಾಗಿ ಗದರಿಸಿ ಅಭ್ಯಾಸವಿಲ್ಲದ ನಿನ್ನಿಂದ ಹತ್ತು ಜನರನ್ನು ನಡೆಸುವುದಾದೀತೆ ಎಂಬ ಶಂಕೆಯನ್ನೂ ಒಂದೇ ಕಾಗದದಲ್ಲಿ ಬರೆದಿದ್ದೀಯೆ. ನಮ್ಮ ನಾಡಿನ ಹಾಲಿನ ಸಂಘಗಳು 1974ರ ತರುವಾಯ ಯಾವ ಊರಿನ ಮಾದರಿಯನ್ನು ಹಿಡಿದು ಬೆಳೆದವೋ, ಆ ಗುಜರಾತಿನ ಆನಂದ್ ಪಟ್ಟಣದ ಇಬ್ಬರ ವೃತ್ತಾಂತವೇ ಇದಕ್ಕೆ ಉತ್ತರವೆಂದು ನನಗೆ ತೋರುತ್ತದೆ.

ಆನಂದ್ ಆಗ ಸೇರಿದ್ದ ಖೇಡಾ ಜಿಲ್ಲೆಯ ಹಾಲು ಪೋಲ್ಸನ್ ಎಂಬ ಖಾಸಗಿ ಸಂಸ್ಥೆಯ ಮೂಲಕವೇ ಮುಂಬಯಿಗೆ ಸಾಗಬೇಕಾಗಿದ್ದು, ಅದು ಕೊಟ್ಟದ್ದೇ ರೈತನಿಗೆ ಬೆಲೆಯಾಗಿದ್ದ ದಿನಗಳಲ್ಲಿ, ಸರ್ದಾರ್ ವಲ್ಲಭಭಾಯಿ ಪಟೇಲರ ಸಲಹೆಯಂತೆ 1946ರಲ್ಲಿ ಅಲ್ಲಿ ಉತ್ಪಾದಕರ ಒಕ್ಕೂಟವು ಹುಟ್ಟಿತು. ಅದರ ಅಧ್ಯಕ್ಷರಾದ ತ್ರಿಭುವನದಾಸ ಪಟೇಲರು ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಕಂಡ ಶಾಂತಸ್ವಭಾವದ ಗಾಂಧೀವಾದಿ. ವಿದ್ಯಾರ್ಥಿವೇತನದ ಕರಾರಿಗೆ ಕಟ್ಟುಬಿದ್ದು 1949ರಲ್ಲಿ ಒಲ್ಲದ ಮನಸ್ಸಿನಿಂದ ಅಲ್ಲಿಗೆ ಬಂದ ವರ್ಗೀಸ್ ಕುರಿಯನ್ನರಾದರೋ ಕೇರಳದ ಕ್ರೈಸ್ತ ಮನೆತನದವರು, ಅಮೆರಿಕದಲ್ಲಿ ಓದಿದವರು, ಎದುರಿಗಿರುವವನು ಮಂತ್ರಿಯೇ ಆಗಲಿ ಅಧಿಕಾರಿಯೇ ಆಗಲಿ ಮನಸ್ಸಿನಲ್ಲಿದ್ದುದನ್ನು ಮುಖದ ಮೇಲೆಯೇ ಆಡಿಬಿಡುವವರು.

ಪ್ರಕೃತಿಯಲ್ಲಿ ಇಷ್ಟು ಭಿನ್ನರಾದ ಇಬ್ಬರು ಎರಡು ದಶಕಗಳಿಗೂ ಮಿಗಿಲಾಗಿ ಒಂದೇ ನೊಗಕ್ಕೆ ಹೆಗಲು ಕೊಟ್ಟರು. ಒಕ್ಕೂಟದ ಡೈರಿಯ ದೈನಂದಿನ ಆಡಳಿತವನ್ನು ಕುರಿಯನ್ನರಿಗೇ ಬಿಟ್ಟ ಅಧ್ಯಕ್ಷರು ಅದರಲ್ಲಿ ಕೈಯಿಡಲಿಲ್ಲ, ಅಲ್ಲಿಗೆ ರಾಜಕೀಯವು ನುಸುಳಲೂ ಬಿಡಲಿಲ್ಲ; ಕುರಿಯನ್ನರು ಕಡೆಯವರೆಗೂ ತಮ್ಮನ್ನು ರೈತರ ನೌಕರನೆಂದೇ ಕರೆದುಕೊಂಡರು. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸುವುದು ಅಸಾಧ್ಯವೆಂದು ವಿದೇಶದ ತಜ್ಞರು ಹೇಳುತ್ತಿದ್ದಾಗ ದಲಾಯ ಎಂಬ ಸಹೋದ್ಯೋಗಿ ಅದನ್ನು ಸಾಧಿಸಿ ತೋರಿಸಿದ್ದು, 1955ರಲ್ಲಿ ಅದರ ಕಾರ್ಖಾನೆಯೇ ನಿಂತದ್ದು, ಸಮರ್ಥನಿಗೆ ಎಡೆಮಾಡಿಕೊಡುವ ಈ ವಾತಾವರಣದಲ್ಲಿಯೇ. 1963ರ ಮ್ಯಾಗ್ಸೇಸೆ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲಿದ್ದರೂ ಲೋಕವು ಹೆಚ್ಚಾಗಿ ಬಲ್ಲದ್ದು ಕುರಿಯನ್ನರ ಹೆಸರನ್ನು. ತನಗಿಂತ ಪ್ರಸಿದ್ಧನಾಗುತ್ತಿರುವ ನೌಕರನನ್ನು ಸಹಿಸುವುದಷ್ಟೇ ಅಲ್ಲ, ಬೆಳೆಸುವ ಅಧ್ಯಕ್ಷನನ್ನು ನಾನು ಕಾರ್ಖಾನೆ ಕಟ್ಟಿದವನಿಗಿಂತ ಒಂದು ಕೂದಲೆಳೆಯಷ್ಟು ಮೇಲೆಂದೇ ಎಣಿಸುತ್ತೇನೆ, ನೀನು ಒಪ್ಪಲೇಬೇಕೆಂದಿಲ್ಲ. ತ್ರಿಭುವನದಾಸರು ನಿವೃತ್ತರಾದಾಗ ಹಾಲು ಹಾಕುವವರು ತಲಾ ಒಂದು ರೂಪಾಯಿಯಂತೆ ಕೂಡಿಸಿ ನಿಧಿಯನ್ನು ಅರ್ಪಿಸಿದರು. ಹಳ್ಳಿಗಳ ಆರೋಗ್ಯಸೇವೆಯ ಪ್ರತಿಷ್ಠಾನವೊಂದು ಅದರಿಂದಲೇ ಮೊದಲಾಯಿತು.

ಆದಕಾರಣ ನಿನ್ನ ಮೆಲುದನಿಯನ್ನು ಕುರಿತು ಕೊರಗಬೇಡ. ಕುರಿಯನ್ನರ ಸಿಡುಕನ್ನು ಕಲಿತವರನ್ನು ನಾನು ಅನೇಕರನ್ನು ಕಂಡಿದ್ದೇನೆ. ಅವರ ಲೆಕ್ಕದ ಶುದ್ಧಿಯನ್ನು ಕಲಿತವರು ವಿರಳ. ಮುಂಜಾನೆಯ ಸರದಿಯಲ್ಲಿ ನಿನ್ನ ಮನೆಯ ಹಾಲಿಗೆ ಮೊದಲ ಸ್ಥಾನ ಬೇಡ. ಅದರ ಫ್ಯಾಟನ್ನು ಎಲ್ಲರ ಕಣ್ಣೆದುರಿಗೇ ಪರೀಕ್ಷಿಸಲಿ, ಹಾಲು ಅಳೆಯುವವನು ನಿನ್ನ ನೆಂಟನಾಗಿದ್ದರಂತೂ ಎರಡು ಸಲ ಪರೀಕ್ಷಿಸಲಿ. ಕಾರ್ಯದರ್ಶಿಯು ನಿನಗಿಂತ ಚುರುಕಾಗಿದ್ದರೆ ಅವನ ಕೆಲಸವನ್ನು ಅವನಿಗೇ ಬಿಡು, ಬಟವಾಡೆಯ ಪುಸ್ತಕವನ್ನು ಮಾತ್ರ ವಾರವಾರವೂ ನೋಡು. ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪರಿಶೋಧಕರ ವರದಿಯನ್ನು, ಆಕ್ಷೇಪಣೆಗಳನ್ನೂ ಬಿಡದೆ, ನೀನೇ ಎದ್ದುನಿಂತು ಓದು.

ಇತಿ ನಿನ್ನ ಹಿತೈಷಿ